ಮೂರು ಸೆಕೆಂಡಿನ ನಿಯಮ

ಮನೆಯ ಕಂಪ್ಯೂಟರಿಗೆ ಬಾಯಿಮಾತಿನಲ್ಲೇ ಬೀಗ ಹಾಕುವ ಕಾಲ ಬಂದ ಮೇಲೆ ಗದಗ ಜಿಲ್ಲೆಯ ಮಂದಿಯ ಬಣ್ಣ ಬಯಲಾದಷ್ಟು ಅದಕ್ಕೂ ಮೊದಲು ಯಾವತ್ತೂ ಆಗಿರಲಿಲ್ಲ.

ಮುಂಚೆ ಹೀಗಿರಲಿಲ್ಲ. ಒಂದು ಫೋಲ್ಡರನ್ನು ಯಾರು ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂದು ಸಣ್ಣ ಸಣ್ಣ ಚೌಕಗಳಲ್ಲಿ ಟಿಕ್ ಹಾಕುತ್ತ ಕೂರಬೇಕಿತ್ತು. ದೊಡ್ಡ ಫೋಲ್ಡರಿಗೆ ಕೊಟ್ಟ ಅನುಮತಿ ಅದರ ಹೊಟ್ಟೆಯೊಳಗಿನ ಮರಿ ಫೋಲ್ಡರಿಗೂ ಇಳಿಯುತ್ತಿತ್ತು. ಕೆಲವು ಸಲ ಇಳಿಯುತ್ತಿರಲಿಲ್ಲ. ಯಾಕೆ ಇಳಿಯಲಿಲ್ಲವೆಂದು ಹೇಳುವವರು ಯಾರೂ ಇರಲಿಲ್ಲ. ತಾವೇ ಹಾಕಿದ ಟಿಕ್ಕಿನಿಂದ ತಾವೇ ಹೊರಗುಳಿದು, ಸ್ವಂತ ಮದುವೆಯ ಫೋಟೋ ನೋಡಲಾಗದೆ ಕೂತವರು ಎಷ್ಟೋ ಮಂದಿ. ಕೊನೆಗೆ ಬೇಸತ್ತು 'ಎಲ್ಲರಿಗೂ ಎಲ್ಲಾ' ಎಂಬ ಚೌಕ ಒತ್ತಿ ಕೈತೊಳೆದುಕೊಳ್ಳುತ್ತಿದ್ದರು.

ಇಂಥವರಿಗಾಗಿಯೇ ಧಾರವಾಡದ ಒಂದು ಸಣ್ಣ ಪ್ರಯೋಗಾಲಯದವರು ನುಡಿಗಾವಲು ಎಂಬುದನ್ನು ಮಾಡಿದರು. ಇದರಲ್ಲಿ ಚೌಕವಿಲ್ಲ, ಟಿಕ್ಕಿಲ್ಲ. ಫೋಲ್ಡರಿನ ಒಡೆಯ ತನ್ನ ಆಡುಮಾತಿನಲ್ಲಿ ಒಂದು ಷರತ್ತು ಹೇಳಿದರೆ ಮುಗಿಯಿತು. ಯಂತ್ರ ಅದರ ಅರ್ಥವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎದುರಿಗೆ ಯಾರಿದ್ದಾರೆ, ಎಚ್ಚರವಿದ್ದಾರೆಯೇ, ಆ ಕೋಣೆಯಲ್ಲಿ ಏನು ಮಾತು ನಡೆಯಿತು ಎಂಬುದನ್ನೆಲ್ಲ ನೋಡಿ, ಕೇಳಿ, ಷರತ್ತು ಪೂರ್ತಿಯಾಗಿದ್ದರೆ ತೆರೆಯುತ್ತದೆ. ಒಡೆಯನಿಗೂ ಅವನ ದನಿ ಕೇಳಿಯೇ ತೆರೆಯುತ್ತದೆ; ಷರತ್ತನ್ನು ಬದಲಿಸಬೇಕಾದರೆ ಒಡೆಯನೇ ತನ್ನ ಸ್ವಂತ ದನಿಯಲ್ಲಿ ಬದಲಿಸಬೇಕು. ಬರೆದು ಕೊಟ್ಟರೆ ನಡೆಯದು, ಸಹಿ ಹಾಕಿದರೂ ನಡೆಯದು.

ಯಂತ್ರವೇನೋ ಜಾಣ. ಆದರೆ ಮಾತಾಡುವವರು ಮನುಷ್ಯರಲ್ಲವೇ? ಲಕ್ಷ್ಮೇಶ್ವರದ ಒಬ್ಬ ಯಜಮಾನರು "ಮನಿ ಮಂದಿ ಎಲ್ಲಾರೂ ನೋಡ್ಲಿ, ಅಳಿಯ ಒಬ್ಬ ಬ್ಯಾಡ" ಎಂದು ಹೇಳಿ ಮರೆತು, ರಿಪೇರಿಗೆ ಅದೇ ಅಳಿಯನಿಂದ ಫೋನ್ ಮಾಡಿಸಿದರು. ರೋಣದ ಒಬ್ಬಾಕೆ "ನಾ ಸಿಟ್ಟಿನ್ಯಾಗ ಇದ್ದಾಗ ನನಗೂ ತೆಗೀಬ್ಯಾಡ" ಎಂದಿದ್ದಳು. ಫೋಲ್ಡರ್ ತೆರೆಯುತ್ತಿಲ್ಲವೆಂದು ಅವಳಿಗೆ ಸಿಟ್ಟು. ಸಿಟ್ಟು ಇಳಿಯುವವರೆಗೂ ಅದು ತೆರೆಯದು. ಎರಡು ದಿನ ಹೀಗೇ ನಡೆದು ಕೊನೆಗೆ ಅವಳ ಕರೆ ಬಂದದ್ದು ಗದಗಿನ ದುರಸ್ತಿ ಕೇಂದ್ರಕ್ಕೆ, ದಾಕ್ಷಾಯಣಿಯ ಮೇಜಿಗೆ.

ಹಳೇ ಹತ್ತಿ ಮಾರುಕಟ್ಟೆಯ ಹಿಂದಿನ ಆ ಮೂರಂತಸ್ತಿನ ಕಟ್ಟಡದಲ್ಲಿ ದಾಕ್ಷಾಯಣಿಯದು ದೊಡ್ಡ ಹೆಸರು. ಹದಿನೇಳು ವರ್ಷದ ಅನುಭವ. ಎಂಥ ಗೋಜಲಿನ ಅನುಮತಿಯನ್ನೂ ನೂಲಿನ ಗಂಟು ಬಿಡಿಸಿದ ಹಾಗೆ ಬಿಡಿಸುತ್ತಿದ್ದಳು. ಹೊಸದಾಗಿ ಸೇರಿದವರಿಗೆ ಮೊದಲ ದಿನದ ಪಾಠ ಅವಳದೇ. ಆ ಪಾಠದಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದದ್ದು ಒಂದೇ ಮಾತು: ಮೂರು ಸೆಕೆಂಡ್. ರಿಪೇರಿ ಮುಗಿದ ಮೇಲೆ ಫೋಲ್ಡರ್ ನಿಜವಾಗಿ ತೆರೆಯಿತೇ ಎಂದು ನೋಡಲು ಒಳಗಿನ ಒಂದು ಫೈಲನ್ನು ತೆಗೆಯಲೇಬೇಕು. ಫೋಟೋ ಆಗಲಿ, ಪತ್ರ ಆಗಲಿ, ದನಿ ಆಗಲಿ, ಮೂರು ಸೆಕೆಂಡ್ ಮಾತ್ರ. ನಾಲ್ಕನೆಯ ಸೆಕೆಂಡಿಗೆ ನೀವು ರಿಪೇರಿಯವರಲ್ಲ, ಕಳ್ಳರು. ಹೀಗೆ ಹೇಳುವಾಗ ಅವಳ ದನಿ ಖಡಕ್ಕಾಗಿರುತ್ತಿತ್ತು. ಕೇಂದ್ರದಲ್ಲೇ ಹಳಬನಾದ ದಾವಲಸಾಬ ನದಾಫ ಒಮ್ಮೆ ಯಾರದೋ ಮನೆಯ ಹಾಡಿನ ಫೈಲನ್ನು ಹನ್ನೊಂದು ಸೆಕೆಂಡ್ ಕೇಳಿದನೆಂದು ಅವನಿಗೆ ಮೆಮೊ ಕೊಟ್ಟವಳೂ ಅವಳೇ. ಅವನು ಸಹಿ ಹಾಕಿ ತೆಗೆದುಕೊಂಡಿದ್ದ.

ಇಂಥ ದಾಕ್ಷಾಯಣಿ ನಾಲ್ಕು ದಿನದಿಂದ ತನ್ನ ಮನೆಯ ನಡುಮನೆಯಲ್ಲಿ, ತನ್ನದೇ ಮನೆಯ ಕಂಪ್ಯೂಟರಿನ ಮುಂದೆ, ಒಂದು ಫೋಲ್ಡರ್ ತೆಗೆಯಲಾರದೆ ಕೂತಿದ್ದಳು.

ಫೋಲ್ಡರಿನ ಹೆಸರು 'ನಂದು'. ಅದರ ಒಡತಿ ಅವಳ ಅತ್ತೆ ಬಾಳವ್ವ. ಬಾಳವ್ವನಿಗೆ ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿ ಐದು ವಾರವಾಗಿತ್ತು. ಕೈಕಾಲಿಗಿಂತ ಹೆಚ್ಚಾಗಿ ಮಾತು ಹೋಗಿತ್ತು. ಓಣಿಯ ಈ ತುದಿಯಲ್ಲಿ ನಿಂತು ಆ ತುದಿಯ ತರಕಾರಿಯವನನ್ನು ಕೂಗಿ ನಿಲ್ಲಿಸುತ್ತಿದ್ದ ಹೆಂಗಸಿನ ಬಾಯಿಂದ ಈಗ 'ಅ' ಎಂಬ ಒಂದೇ ಅಕ್ಷರ, ಅದೂ ಅರ್ಧ.

ಜಿಲ್ಲಾ ಆಸ್ಪತ್ರೆಗೆ ಕೊರಳಪಟ್ಟಿಯ ತಂಡ ಬಂದದ್ದು ಅದೇ ಹೊತ್ತಿಗೆ. ಕೊರಳಿಗೆ ಕಟ್ಟುವ ತೆಳ್ಳನೆಯ ಪಟ್ಟಿ ಅದು. ಮಾತು ನಿಂತವರು ಆಡಬೇಕೆಂದಾಗ ಗಂಟಲಿನ ಸ್ನಾಯುಗಳು ಒಳಗೇ ಮಿಡುಕುತ್ತವೆ. ಪಟ್ಟಿ ಆ ಮಿಡುಕನ್ನು ಓದಿ ಮಾತು ಮಾಡುತ್ತದೆ. ತಂಡದ ಡಾಕ್ಟರ್ ಜಯಶೀಲಾ ಮೊದಲ ದಿನ ಬಾಳವ್ವನಿಗೆ ಅದನ್ನು ಕಟ್ಟಿ ನೋಡಿದರು. ಒಳಗಿನಿಂದ ಯಾರೋ ಎಳೆಯ ಹುಡುಗಿ ವಾರ್ತೆ ಓದುವವಳ ಹಾಗೆ "ನೀರು" ಎಂದಳು. ಬಾಳವ್ವ ಬೆಚ್ಚಿಬಿದ್ದು, ಎಡಗೈಯಿಂದ ಪಟ್ಟಿಯನ್ನು ಕಿತ್ತೆಸೆದು, ಗೋಡೆಯ ಕಡೆ ಮುಖ ಮಾಡಿ ಅತ್ತಳು. ಮತ್ತೆ ಕಟ್ಟಲು ಹೋದರೆ ಕಚ್ಚಲು ಬಂದಳು.

"ರೆಡಿಮೇಡ್ ದನಿ ಕೆಲವರಿಗೆ ಆಗಿಬರೋದಿಲ್ರಿ," ಎಂದಿದ್ದರು ಡಾಕ್ಟರು. "ಅವರದ ಹಳೇ ದನಿ ಎಲ್ಲೆರ ರೆಕಾರ್ಡ್ ಆಗಿದ್ರ ಕೊಡ್ರಿ. ಮೂರು ತಾಸಿನಷ್ಟಿದ್ರ ಸಾಕು, ಪಟ್ಟಿ ಕಲೀತೈತಿ. ನಾವು ಇಲ್ಲಿ ಇನ್ನ ಎಂಟು ದಿನ ಅಷ್ಟ. ಆಮ್ಯಾಲ ರಾಯಚೂರಿಗೆ ಹೊಂಟೀವಿ. ಹೊಳ್ಳಿ ಬರೂತನಾ ಇವರು ಮಾತಾಡೂ ಪ್ರಯತ್ನನ ಬಿಟ್ಟುಬಿಡ್ತಾರ. ಒಮ್ಮೆ ಬಿಟ್ರಂದ್ರ ಕಷ್ಟ ಐತ್ರಿ."

ಮದುವೆಯ ವೀಡಿಯೊಗಳಲ್ಲಿ ಬಾಳವ್ವನ ದನಿಗಿಂತ ಬ್ಯಾಂಡಿನ ದನಿಯೇ ಹೆಚ್ಚು. ಎಲ್ಲ ಕೂಡಿಸಿದರೂ ಹತ್ತು ನಿಮಿಷ ಆಗಲಿಲ್ಲ. ಆದರೆ ಬಾಳವ್ವ ದಿನಾ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಕಂಪ್ಯೂಟರಿನ ಮುಂದೆ ಕೂತು ಏನೋ ಮಾತಾಡಿ ಇಡುತ್ತಾಳೆಂಬುದು ಮನೆಗೆಲ್ಲ ಗೊತ್ತಿತ್ತು. ಆರೇಳು ವರ್ಷದ ಮಾತು ಆ 'ನಂದು' ಫೋಲ್ಡರಿನಲ್ಲಿತ್ತು.

"ನೀ ಇದ್ದೀಯಲ್ಲ, ಮತ್ಯಾಕ ಚಿಂತಿ?" ಎಂದಿದ್ದ ಗಂಡ ಗುರುಸಿದ್ದಪ್ಪ. ಅವನು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸದವನು; ಮನೆಯ ಯಂತ್ರವೆಲ್ಲ ಹೆಂಡತಿಯ ಪಾಲಿಗೆ ಬಿಟ್ಟಿದ್ದ. "ಊರ ಮಂದಿದೆಲ್ಲ ತೆಗೀತಿ, ನಮ್ಮವ್ವಂದು ತೆಗಿಯೂದು ನಿನಗೇನು ದೊಡ್ಡದು?"

ಆ ಮಾತು ದಾಕ್ಷಾಯಣಿಗೆ ಮುಖಕ್ಕೆ ಹೊಡೆದ ಹಾಗಿತ್ತು. ಯಾಕೆಂದು ಗಂಡನಿಗೆ ತಿಳಿಯುವಂತಿರಲಿಲ್ಲ.

ಅವಳು ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಯಂತ್ರ ಆರಿಸಿ ಹಚ್ಚಿದಳು. ತನ್ನ ಹೆಸರಿನಲ್ಲಿ, ಗಂಡನ ಹೆಸರಿನಲ್ಲಿ, ಹೊಸದೊಂದು ಹೆಸರಿನಲ್ಲಿ ಒಳಗೆ ಹೋಗಿ ನೋಡಿದಳು. ಮೇಲಿನ ಫೋಲ್ಡರಿನ ಅನುಮತಿಯನ್ನು ಕೆಳಗಿಳಿಸಲು ನೋಡಿದಳು. ಫೋಲ್ಡರನ್ನು ನಕಲು ಮಾಡಿ ಬೇರೆ ಕಡೆ ಇಟ್ಟು ತೆಗೆದಳು. ಷರತ್ತು ನಕಲಿನ ಜೊತೆಗೇ ನಡೆದು ಬಂದಿತ್ತು. ಕೇಂದ್ರದಲ್ಲಿ ಒಂದು ಮೂಲಚಾವಿ ಇದೆ, ಎಂಥದನ್ನೂ ತೆಗೆಯುತ್ತದೆ, ಆದರೆ ಅದಕ್ಕೆ ಕೋರ್ಟಿನ ಕಾಗದ ಬೇಕು; ಕಾಗದಕ್ಕೆ ಎರಡು ತಿಂಗಳು. ಪ್ರತಿ ಸಲವೂ ಯಂತ್ರ ಅದೇ ಸಪ್ಪೆ ದನಿಯಲ್ಲಿ ಹೇಳುತ್ತಿತ್ತು: "ಅನುಮತಿ ಇಲ್ಲ. ಷರತ್ತು ಪೂರ್ತಿಯಾಗಿಲ್ಲ."

ಏನು ಷರತ್ತು ಎಂದು ಅದು ಹೇಳದು. ಹೊರಗುಳಿದವರಿಗೆ ಷರತ್ತು ಹೇಳಬಾರದೆಂಬುದು ನಿಯಮ. ದಾಕ್ಷಾಯಣಿಗೂ ಅದನ್ನು ಕೇಳುವ ಧೈರ್ಯವಿರಲಿಲ್ಲ. ಪಕ್ಕದ ಕೋಣೆಯ ಬಾಗಿಲಿನಿಂದ ಬಾಳವ್ವ, ಗಾಲಿಕುರ್ಚಿಯಲ್ಲಿ ಒರಗಿ, ಸೊಸೆಯ ಈ ಒದ್ದಾಟವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ನೋಟಕ್ಕೆ ಬೆನ್ನು ಕೊಟ್ಟು ಕೂತರೂ ಬೆನ್ನು ಉರಿಯುತ್ತಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಮನೆಗೆ ಹೊಸ ಕಂಪ್ಯೂಟರ್ ತಂದಿದ್ದರು. ಹಳೆಯದರಿಂದ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದಾಗ ಬಾಳವ್ವನ ಫೋಲ್ಡರಿನ ಒಡೆತನ ಹಳೆಯ ಯಂತ್ರದ ಬಾಳವ್ವನ ಹೆಸರಿಗೇ ಉಳಿದು, ಹೊಸ ಯಂತ್ರ ಈ ಬಾಳವ್ವನನ್ನು ಯಾರೋ ಪರಕೀಯಳೆಂದು ಬಾಗಿಲಲ್ಲೇ ನಿಲ್ಲಿಸಿತ್ತು. ಇದು ಕೇಂದ್ರಕ್ಕೆ ದಿನಾ ಹತ್ತು ಬರುವ ತೊಂದರೆ. ಬಾಳವ್ವ ಸೊಸೆಯನ್ನು ಕರೆದು, "ಸ್ವಲ್ಪ ನೋಡವಾ, ನನ್ನ ಪೆಟಿಗಿ ನನಗ ತೆಗೀವಲ್ದು" ಎಂದು ಹೇಳಿ ತಾನು ಮಠಕ್ಕೆ ಹೋಗಿದ್ದಳು. ನಂಬಿ ಹೋಗಿದ್ದಳು.

ರಿಪೇರಿಗೆ ಹತ್ತು ನಿಮಿಷ ಸಾಕಾಯಿತು. ತೆರೆಯಿತೇ ಎಂದು ನೋಡಲು ಮೇಲಿನ ಒಂದು ಫೈಲ್ ಒತ್ತಿದಳು. ಒಳಗಿನಿಂದ ಒಂದು ದನಿ ಬಂತು. ಅದು ಓಣಿಗೆ ಕೇಳುವ ದನಿಯಲ್ಲ. ಉಸಿರೇ ಹೆಚ್ಚಾಗಿ, ಮೆಲ್ಲಗೆ, ಕತ್ತಲ ಕೋಣೆಯಲ್ಲಿ ಕೈ ತಡವುತ್ತ ನಡೆಯುವವರ ಹಾಗೆ ಬರುವ ದನಿ. ಮೂರು ಸೆಕೆಂಡ್ ಆಯಿತು. ದಾಕ್ಷಾಯಣಿ ನಿಲ್ಲಿಸಲಿಲ್ಲ.

"ಇವತ್ತೂ ಪೇಪರ್ ಹಿಡ್ಕೊಂಡು ಕುಂತಿದ್ದೆ," ಎಂದಿತು ದನಿ. "ಚಿತ್ರ ನೋಡಿದೆ. ಅಕ್ಷರ ನೋಡಿದ್ರ ಇರಿವಿ ಸಾಲು ಹೊಂಟಂಗ ಕಾಣ್ತೈತಿ. ಅವರಿದ್ದಾಗ ಅವರಿಗೂ ಹೇಳ್ಲಿಲ್ಲ. ಛಾಪಖಾನಿಯೊಳಗ ಅಕ್ಷರದ ಮೊಳಿ ಜೋಡಸೂ ಗಂಡನ ಹೇಣ್ತಿಗೆ ಅಕ್ಷರ ಬರಂಗಿಲ್ಲ ಅಂದ್ರ ಮಂದಿ ಏನಂತಾರ? ಸಹಿ ಒಂದು ಕಲ್ತೆ. ಮುಂಜಾನೆ ರೇಡಿಯೊ ಕೇಳ್ತೀನಿ, ಅದನ್ನ ಪೇಪರ್ ಹಿಡ್ಕೊಂಡು ಹೇಳ್ತೀನಿ. ಮಗ ಶಾಣ್ಯಾಕಿ ಅಂತಾನ..."

ಇಪ್ಪತ್ತು ನಿಮಿಷದ ಫೈಲ್. ಪೂರ್ತಿ ಕೇಳಿದಳು. ಆಮೇಲೆ ಇನ್ನೊಂದು ಕೇಳಿದಳು.

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತಾಗಿತ್ತು. ಎರಡು ವಾರ ಕಳೆದು ಒಂದು ಭಾನುವಾರ ಬೀಗರೆಲ್ಲ ಊಟಕ್ಕೆ ಬಂದಿದ್ದರು. ಬಾಳವ್ವ ಎಲ್ಲರೆದುರು, ತನ್ನ ಆ ದೊಡ್ಡ ದನಿಯಲ್ಲಿ, "ಊರ ಬೀಗ ಎಲ್ಲಾ ತೆಗೀತಾಳ್ರಿ ನಮ್ಮ ಸೊಸಿ, ಒಂದು ರೊಟ್ಟಿ ದುಂಡಗ ಬಡಿಯಾಕ ಬರವಲ್ದು" ಎಂದು ಹಾಸ್ಯ ಮಾಡಿದಳು. ಎಲ್ಲರೂ ನಕ್ಕರು. ದಾಕ್ಷಾಯಣಿಗೆ ಮೈಯೆಲ್ಲ ಉರಿದು, "ನೀವು ಓದಾಕ ಬರದಿದ್ರೂ ದಿನಾ ಪೇಪರ್ ಹಿಡ್ಕೊಂಡು ಕುಂದರ್ತೀರಿ, ನಾ ಏನರ ಅಂದೀನೇನ್ರಿ?" ಎಂದುಬಿಟ್ಟಳು. ಬೀಗರು ಇನ್ನೂ ಜೋರಾಗಿ ನಕ್ಕರು. ಅಚ್ಚಿನ ಮೊಳೆ ಜೋಡಿಸುವವನ ಹೆಂಡತಿಗೆ ಓದಲು ಬರದೆಂದು ಯಾರು ನಂಬುತ್ತಾರೆ? ಸೊಸೆಯೂ ತಿರುಗಿ ಹಾಸ್ಯ ಮಾಡಿದಳೆಂದುಕೊಂಡರು. ಬಾಳವ್ವ ಮಾತ್ರ ನಗಲಿಲ್ಲ. ತೊಡೆಯ ಮೇಲಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು.

ಮರುದಿನದಿಂದ ಅವಳು ಪೇಪರ್ ಮುಟ್ಟಲಿಲ್ಲ. ಅವ್ವನಿಗೆ ಕಣ್ಣು ಮಂಜಾಗಿರಬೇಕೆಂದು ಗುರುಸಿದ್ದಪ್ಪ ಕಣ್ಣಿನ ಡಾಕ್ಟರಿಗೆ ತೋರಿಸಿ ಚಾಳೀಸು ಮಾಡಿಸಿದ. ಅದೂ ಆಗಲಿಲ್ಲವೆಂದು ಇನ್ನೊಂದು ಮಾಡಿಸಿದ. ಎರಡು ಸಲವೂ ಅತ್ತೆಯ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದವಳು ದಾಕ್ಷಾಯಣಿ. ಬಾಳವ್ವ ಒಂದೇ ಒಂದು ಮಾತು ಕೇಳಲಿಲ್ಲ. ಬೈದಿದ್ದರೆ, ಕೂಗಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಐದನೆಯ ದಿನ ದಾಕ್ಷಾಯಣಿ ಕೇಂದ್ರದಲ್ಲಿ ತನ್ನದೇ ಹೆಸರಿನ ದೂರು ದಾಖಲಿಸಿದಳು. ಒಡೆಯರಿಗೆ ಮಾತು ನಿಂತಿದ್ದರೆ, ಡಾಕ್ಟರ ಚೀಟಿ ತೋರಿಸಿ, ಅವರ ಷರತ್ತನ್ನು ಮನೆಯವರು ಕೇಳಬಹುದು. ಅದಕ್ಕೆ ಮೊದಲು ಕೇಂದ್ರದವರೊಬ್ಬರು ಷರತ್ತು ಹೇಳಿದ ಆ ದನಿ ಕೆಟ್ಟಿಲ್ಲವೆಂದು ಖಾತ್ರಿ ಮಾಡಿ ಕೊಡಬೇಕು. ಆ ಪಾಳಿಯಲ್ಲಿ ಇದ್ದವನು ದಾವಲಸಾಬ ನದಾಫ. ಬೇರೆ ಯಾರಾದರೂ ಆಗಬಾರದಿತ್ತೇ ಎಂದುಕೊಂಡಳು.

ಮಧ್ಯಾಹ್ನದ ಚಹಾದ ಹೊತ್ತಿಗೆ ನದಾಫ ಅವಳ ಮೇಜಿನ ಬಳಿ ಬಂದು ನಿಂತ. ಕೈಯಲ್ಲಿ ಹೆಡ್‌ಫೋನ್ ಇತ್ತು. ಎಲ್ಲರೂ ಇದ್ದಾರೆಂದು ದನಿ ತಗ್ಗಿಸಿದ.

"ಮೇಡಂ, ಮೂಲ್ಯಾಗಿನ ರೂಮು ಖಾಲಿ ಐತ್ರಿ. ಅಲ್ಲಿ ಕುಂತು ಕೇಳ್ರಿ."

"ನೀವು ಕೇಳಿದ್ರೇನು?"

"ದನಿ ಸರಿ ಐತ್ರಿ," ಎಂದ ನದಾಫ. ನೆಲ ನೋಡುತ್ತ, "ಮೂರು ಸೆಕೆಂಡ್ ಕೇಳಿದೆ. 'ಯಾರಿಗೂ ತೆಗೀಬ್ಯಾಡ, ನನ್ನ ಸೊಸಿ' ಅನ್ನೂತನ ಬಂತು. ಅಲ್ಲಿಗೆ ನಿಲ್ಲಿಸಿದೆ," ಎಂದು ಸೇರಿಸಿದ.

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ದಾಕ್ಷಾಯಣಿ ಹೇಗೋ ತಡೆದುಕೊಳ್ಳುತ್ತಿದ್ದಳು. ತಾನು ಬೋರ್ಡಿನ ಮೇಲೆ ಬರೆದದ್ದನ್ನು ಈ ಮನುಷ್ಯ ಸುಮ್ಮನೆ ಪಾಲಿಸಿಕೊಂಡು ಬಂದಿದ್ದ. ಅವಳು ಹೆಡ್‌ಫೋನ್ ತೆಗೆದುಕೊಂಡು, ತಲೆ ಎತ್ತದೆ ಮೂಲೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮೆಲ್ಲನೆಯ ದನಿಯೇ. ತಾರೀಖು ಆ ಭಾನುವಾರದ್ದು, ಬೀಗರು ಹೋದ ಮೇಲಿನ ಹೊತ್ತು.

"ಯಾರಿಗೂ ತೆಗೀಬ್ಯಾಡ. ನನ್ನ ಸೊಸಿ ಕದ್ದು ಕೇಳ್ಯಾಳ. ನನ್ನ ಮಗಗೂ ಬ್ಯಾಡ, ಆಂವಗ ಗೊತ್ತಾಗೂದು ಬ್ಯಾಡ. ಅಕಿ ಬಂದು, ನನ್ನ ಎದುರಿಗೆ ಕುಂತು, ಕೇಳೀನಿ ಅಂತ ತನ್ನ ಬಾಯಿಲೆ ಹೇಳಿದ ದಿನ ತೆಗಿ. ಆವತ್ತ ಎಲ್ಲಾರಿಗೂ ತೆಗಿ. ನಾ ಆಗಿ ಕೇಳಂಗಿಲ್ಲ. ಅಲ್ಲೀತನ ಬ್ಯಾಡ."

ಅಷ್ಟೇ. ನಾಲ್ಕು ವರ್ಷ ಈ ಹೆಂಗಸು ತನ್ನ ಕೈಯ ಚಹಾ ಕುಡಿದಿದ್ದಾಳೆ, ಜ್ವರ ಬಂದಾಗ ತನ್ನ ಹಣೆಗೆ ತಣ್ಣೀರ ಬಟ್ಟೆ ಹಾಕಿದ್ದಾಳೆ, ಮತ್ತು ಪ್ರತಿದಿನ ಕಾದಿದ್ದಾಳೆ. ದಾಕ್ಷಾಯಣಿಗೆ ನೆಲ ಬಾಯಿಬಿಟ್ಟು ನುಂಗಿದರೆ ಸಾಕೆನಿಸಿತು. ಅಳು ಬರಲಿಲ್ಲ, ನಾಚಿಕೆ ಅಷ್ಟಿತ್ತು.

ಇಷ್ಟಾದ ಮೇಲಾದರೂ ಮನೆಗೆ ಹೋಗಿ ಅತ್ತೆಯ ಎದುರು ಕೂತಳೇ? ಇಲ್ಲ. ಹೇಳಬಾರದು, ಆದರೆ ಹೇಳಲೇಬೇಕು: ಅವಳು ಮೊದಲು ಅಡ್ಡದಾರಿ ಹುಡುಕಿದಳು. ಹದಿನೇಳು ವರ್ಷ ಬೀಗ ಬಿಡಿಸಿದ ಬುದ್ಧಿ ಎಲ್ಲಿ ಹೋದೀತು! ಬಾಳವ್ವ ಒಳಕೋಣೆಯಲ್ಲಿದ್ದಾಗ ಯಂತ್ರದ ಮುಂದೆ ಬಗ್ಗಿ, "ನಾ ಕೇಳೀನಿ" ಎಂದು ಪಿಸುಗುಟ್ಟಿದಳು. "ಷರತ್ತು ಪೂರ್ತಿಯಾಗಿಲ್ಲ," ಎಂದಿತು ಯಂತ್ರ. ಊಟವಾಗಿ ಬಾಳವ್ವ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ, ಸದ್ದಾಗದಂತೆ ಕುರ್ಚಿಯನ್ನು ತಳ್ಳಿಕೊಂಡು ಬಂದು, ಯಂತ್ರಕ್ಕೆ ಮುಖ ಕಾಣುವ ಹಾಗೆ ನಿಲ್ಲಿಸಿ, ಎದುರಿಗೆ ಕೂತು ಮತ್ತೆ ಪಿಸುಗುಟ್ಟಿದಳು. "ಷರತ್ತು ಪೂರ್ತಿಯಾಗಿಲ್ಲ." ಕಣ್ಣು ಎತ್ತಿ ನೋಡಿದರೆ ಬಾಳವ್ವನಿಗೆ ಎಚ್ಚರವಾಗಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಏನೋ. ದಾಕ್ಷಾಯಣಿ ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮರುದಿನ ರಜೆ ಹಾಕಿದಳು. ಗಂಡ ಗುಡ್ಡಕ್ಕೆ ಹೋದ. ಹತ್ತೂವರೆಯ ಬಿಸಿಲು ನಡುಮನೆಯ ಅರ್ಧದವರೆಗೆ ಬಂದಿತ್ತು. ಅತ್ತೆಯ ತಲೆ ಬಾಚಿ, ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ತಂದು, ತಾನು ಎದುರಿಗೆ ನೆಲದ ಮೇಲೆ ಕೂತಳು.

"ಅತ್ತಿ," ಎಂದಳು. "ಆವತ್ತ ರಿಪೇರಿ ಮಾಡೂ ಮುಂದ... ನಿಮ್ಮ ಮಾತು ಒಂದೀಟು ಕಿವಿಗೆ ಬಿತ್ರಿ."

"ಷರತ್ತು ಪೂರ್ತಿಯಾಗಿಲ್ಲ," ಎಂದಿತು ಯಂತ್ರ.

ಬಾಳವ್ವ ಅಲುಗಾಡಲಿಲ್ಲ. ಎಡಗಣ್ಣು ಮಾತ್ರ ಇನ್ನಷ್ಟು ಅಗಲವಾಯಿತು. ದಾಕ್ಷಾಯಣಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಿವಿಗೆ ಬೀಳ್ಲಿಲ್ರಿ. ನಾನ ಕೇಳಿದೆ. ಮೂರು ಸೆಕೆಂಡಿಗೆ ನಿಲ್ಲಸಬೇಕಾಗಿತ್ತು, ಮಂದಿಗೆಲ್ಲ ಹಂಗ ಹೇಳ್ಕೊಂಡು ತಿರಗ್ತೀನಿ. ನಿಲ್ಲಸ್ಲಿಲ್ಲ. ನಡುವ ಎದ್ದು ಹೋಗಿ ಚಾ ಮಾಡ್ಕೊಂಡು ಬಂದೆ. ಆರಾಮ ಕುಂತು, ಚಾ ಕುಡಕೋತ ಕೇಳಿದೆ ಅತ್ತಿ."

ಆ ಚಹಾದ ಮಾತನ್ನು ಅವಳು ಇಲ್ಲಿಯವರೆಗೆ ತನಗೆ ತಾನೂ ಹೇಳಿಕೊಂಡಿರಲಿಲ್ಲ. ಒಂದು ಬಟ್ಟಲು ಚಹಾ, ಅದಕ್ಕೆ ಶುಂಠಿ ಕೂಡ ಜಜ್ಜಿ ಹಾಕಿದ್ದಳು. ಅದು ಬಾಯಿಂದ ಹೊರಬಿದ್ದದ್ದೇ ತಡ, ಉಳಿದದ್ದೆಲ್ಲ ತಾನಾಗಿ ಬಂತು.

"ಒಂದಲ್ಲ, ಎರಡು ಕೇಳಿದೆ. ಆಮ್ಯಾಲ ರೊಟ್ಟಿ ಮಾತಿಗೆ ಸಿಟ್ಟು ಬಂದು ಬೀಗರ ಮುಂದ ಆಡಿಬಿಟ್ಟೆ. ನಿಮಗ ಚಾಳೀಸು ಹಾಕ್ಸಾಕ ನಾನ ಬಂದೆ. ಅಂಗಡ್ಯಾಂವ ಅಕ್ಷರದ ಫಲಕ ಹಿಡಿದು ಓದ್ರಿ ಓದ್ರಿ ಅಂತಿದ್ದ, ನೀವು ನನ್ನ ಕಡೆ ನೋಡಿದ್ರಿ. ನಾ ಹೊರಗ ನೋಡಿದೆ. ನನಗ ಗೊತ್ತಿತ್ರಿ. ಎಲ್ಲಾ ಗೊತ್ತಿತ್ತು."

ಪರದೆಯ ಮೇಲೆ 'ನಂದು' ತೆರೆದುಕೊಂಡು, ತಾರೀಖುಗಳ ಉದ್ದನೆಯ ಪಟ್ಟಿ ಬಿಚ್ಚಿತು. ಆ ಭಾನುವಾರದ ನಂತರವೂ ಸಾವಿರಕ್ಕೆ ಹತ್ತಿರ ಫೈಲುಗಳಿದ್ದವು. ಬಾಳವ್ವ ಮಾತಾಡುವುದನ್ನು ನಿಲ್ಲಿಸಿರಲಿಲ್ಲ.

ದಾಕ್ಷಾಯಣಿಯ ಕೈ ಅಭ್ಯಾಸಬಲದಿಂದ ತಾನಾಗಿ ಮೇಲಿನ ಫೈಲಿನತ್ತ ಹೋಯಿತು. ತೆರೆದದ್ದು ನಿಜವೇ ಎಂದು ನೋಡಬೇಕಲ್ಲ. ಹದಿನೇಳು ವರ್ಷದ ರೂಢಿ. ಬೆರಳು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಬೆಂಕಿ ತಾಗಿದಂತೆ ಕೈ ಹಿಂದೆಗೆದಳು.

"ಅತ್ತಿ, ಒಂದು ತಗದು ನೋಡ್ಲೇನ್ರಿ? ಮೂರು ಸೆಕೆಂಡ್?"

ಬಾಳವ್ವ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದಳು. ಬೇಡ.

"ಆತ್ರಿ," ಎಂದಳು ದಾಕ್ಷಾಯಣಿ. "ಹಂಗ ಕಳಸ್ತೀನಿ."

ಒಂದನ್ನೂ ತೆರೆಯದೆ, ಕೆಲಸ ಮಾಡುತ್ತವೋ ಇಲ್ಲವೋ ನೋಡದೆ, ಎಲ್ಲವನ್ನೂ ಆಸ್ಪತ್ರೆಯ ಯಂತ್ರಕ್ಕೆ ಕಳಿಸಿದಳು. ತನ್ನ ವೃತ್ತಿಯಲ್ಲಿ ಪರೀಕ್ಷಿಸದೆ ಕಳಿಸಿದ ಮೊದಲ ಕೆಲಸ ಅದು. ಸಂಜೆ ಗಂಡ ಬಂದು, "ತಗದೇನು? ನಾ ಹೇಳಿದ್ದಿಲ್ಲ, ನಿನ್ನ ಕೈಯಾಗ ಆಗ್ತೈತಂತ!" ಎಂದು ಹೆಮ್ಮೆಪಟ್ಟಾಗ ಅವಳು ಅವನಿಗೆ ಊಟಕ್ಕೆ ಬಡಿಸಿದಳು. ಅವನಿಗೆ ಗೊತ್ತಾಗುವುದು ಬೇಡವೆಂದು ಅತ್ತೆಯೇ ಹೇಳಿದ್ದಾಳಲ್ಲ ಎಂದು ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ತನಗೆಷ್ಟು ಅನುಕೂಲದ್ದೆಂಬುದೂ ಅವಳಿಗೆ ತಿಳಿದಿತ್ತು.

ಎಂಟನೆಯ ದಿನ ಬೆಳಿಗ್ಗೆ ತಂಡದವರು ಆಸ್ಪತ್ರೆಯಲ್ಲಿ ಸಾಮಾನು ಕಟ್ಟುತ್ತಿದ್ದರು. ಡಾಕ್ಟರ್ ಜಯಶೀಲಾ ಕೊನೆಯದಾಗಿ 'ಬಾಳವ್ವ' ಎಂದು ಚೀಟಿ ಅಂಟಿಸಿದ ಪಟ್ಟಿ ತಂದರು. ಬಾಳವ್ವ ಕೊರಳು ಹಿಂದಕ್ಕೆ ಸೆಳೆದುಕೊಂಡಳು. ದಾಕ್ಷಾಯಣಿ ಪಕ್ಕದಲ್ಲಿ ಬಗ್ಗಿ, "ನಿಮ್ಮದ ಐತ್ರಿ ಅತ್ತಿ, ಬ್ಯಾರೇದಲ್ಲ" ಎಂದ ಮೇಲೆ ಬಿಟ್ಟಳು.

ಕೊರಳು ಮಿಡುಕಿತು. ಪಟ್ಟಿಯಿಂದ, ಉಸಿರೇ ಹೆಚ್ಚಾದ ಒಂದು ಮೆಲ್ಲನೆಯ ದನಿ ಬಂತು. "ನೀರು."

ಬಾಳವ್ವನ ಕಣ್ಣು ತುಂಬಿತು. ಆದರೆ ಗುರುಸಿದ್ದಪ್ಪನ ಮುಖ ಗಂಟಾಯಿತು.

"ಇದು ನಮ್ಮವ್ವನ ದನಿ ಅಲ್ರಿ," ಎಂದ.

"ಅಲ್ಲೇನ್ರಿ?" ಡಾಕ್ಟರು ಕಾಗದ ನೋಡಿದರು. "ನೀವು ಕಳಿಸಿದ್ದರಿಂದನ ಕಲಿಸೇವಿ."

"ಏನೋ ಅದಲು ಬದಲಾಗೈತಿ ನೋಡ್ರಿ. ನಮ್ಮವ್ವ ಮಾತಾಡಿದ್ರ ಓಣಿ ತುಂಬ ಕೇಳ್ತಿತ್ತು. ಹುಟ್ಟಿದಾಗಿಂದ ಕೇಳೀನಿ, ನನಗ ಗೊತ್ತಾಗಂಗಿಲ್ಲೇನು? ಇದು ಯಾವದೋ ರೋಗಿಷ್ಟ ಹೆಂಗಸಿನ ದನಿ. ಬ್ಯಾರೇದವರ ದನಿ ನಮ್ಮವ್ವನ ಬಾಯಾಗ ಬ್ಯಾಡ. ತಗದುಬಿಡ್ರಿ."

ಡಾಕ್ಟರಿಗೂ ಅನುಮಾನ ಬಂತು. ಬೇರೆ ರೋಗಿಯ ಫೈಲು ಸೇರಿಕೊಂಡಿದ್ದರೆ ಅವರ ತಲೆಗೇ ಬರುವಂಥದ್ದು. "ಹಂಗಿದ್ರ ಅಳಿಸಬೇಕಾಗ್ತೈತ್ರಿ. ಇನ್ನ ಮೂರು ತಾಸಿನ್ಯಾಗ ಗಾಡಿ ಹೊಂಡ್ತೈತಿ, ಹೊಸದಾಗಿ ಕಲಿಸಾಕ ಟೈಮಿಲ್ಲ. ರೆಡಿಮೇಡ್ ದನಿನ ಹಾಕಿ..." ಎನ್ನುತ್ತ ಪಟ್ಟಿಯ ಕೊಂಡಿಗೆ ಕೈ ಹಾಕಿದರು.

ಬಾಳವ್ವನ ಕೊರಳು ಗಾಬರಿಯಲ್ಲಿ ಮಿಡುಕಿತು. ಆದರೆ ಗಾಬರಿ ಯಾವ ಮಾತೂ ಆಗಲಿಲ್ಲ, ಬರೀ ಉಸಿರು ಬಂತು. ಅವಳು ಮಗನನ್ನು ನೋಡಲಿಲ್ಲ. ಸೊಸೆಯನ್ನು ನೋಡಿದಳು. ಈ ದನಿ ಬಾಳವ್ವನದೇ ಎಂದು ಹೇಳಬಲ್ಲವಳು ಲೋಕದಲ್ಲಿ ಒಬ್ಬಳೇ ಇದ್ದಳು.

ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು ದಾಕ್ಷಾಯಣಿಗೆ ಆ ಕ್ಷಣದಲ್ಲೂ ಹೊಳೆಯಿತು. ಹೊಳೆದದ್ದಕ್ಕೇ ಮತ್ತೊಮ್ಮೆ ನಾಚಿಕೆಯಾಯಿತು.

"ತಗೀಬ್ಯಾಡ್ರಿ," ಎಂದಳು. "ಅದು ಅತ್ತೀ ದನಿನ."

"ನಿನಗ ಹೆಂಗ ಗೊತ್ತು?" ಎಂದ ಗುರುಸಿದ್ದಪ್ಪ.

"ನಾ ಕೇಳೀನ್ರಿ. ಒಬ್ಬಾಕಿನ ಇದ್ದಾಗ ಹಿಂಗ ಮಾತಾಡ್ತಾರ. ನಾಕು ವರ್ಷದ ಹಿಂದ, ರಿಪೇರಿಗೆ ಅಂತ ನನ್ನ ಕೈಯಾಗ ಕೊಟ್ಟಾಗ, ಕದ್ದು ಕೇಳೀನಿ. ಕೇಳಿದ್ದನ್ನ ಇಟ್ಕೊಂಡು ಅವರ ಮನಸ್ಸೂ ನೋಯಿಸೀನಿ. ಅದಕ್ಕ ಪೆಟಿಗಿ ತೆಗೀಲಿಲ್ಲ ಅದು. ರಿಪೇರಿ ಏನೂ ಇರ್ಲಿಲ್ಲ ಅದರಾಗ."

ಗುರುಸಿದ್ದಪ್ಪ ಹೆಂಡತಿಯನ್ನು ಎಂದೂ ನೋಡದವನ ಹಾಗೆ ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ, ನಂಬಿಕೆಯೂ ಬರಲಿಲ್ಲ. "ಏನಂದಾಳ ಅದರಾಗ ಅವ್ವ? ಅಂಥಾದ್ದೇನೈತಿ?"

"ಅದನ್ನ ನಾ ಹೇಳಂಗಿಲ್ರಿ," ಎಂದಳು ದಾಕ್ಷಾಯಣಿ. "ನೀವು ಏನರ ಅನ್ರಿ. ಅದು ಅವರದು."

ಡಾಕ್ಟರು ಕೊಂಡಿಯಿಂದ ಕೈ ತೆಗೆದು ಕಿಟಕಿಯ ಕಡೆ ತಿರುಗಿ ನಿಂತರು. ಅಪರಿಚಿತರೆದುರು ಸೀರೆ ಸೆರಗು ಜಾರಿದ ಹಾಗಾಗಿ ದಾಕ್ಷಾಯಣಿ ನೆಲ ನೋಡುತ್ತ ನಿಂತಳು. ಆಗ ಪಟ್ಟಿ ಮಾತಾಡಿತು.

"ಗುರುಸಿದ್ದ."

ಅವನು ತಿರುಗಿದ. ಹೆಸರು ಕರೆದ ರೀತಿ ಅವ್ವನದೇ. ದನಿ ಮಾತ್ರ ಅವನಿಗೆ ಹೊಸದು.

"ಪೇಪರ್ ತಾ," ಎಂದಳು ಬಾಳವ್ವ.

ಅವನು ಹೊರಗೆ ಬೆಂಚಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಪೇಪರ್ ತಂದು ಅವಳ ಕೈಗೆ ಹಿಡಿಸಿದ. ಕಿಸೆಯಲ್ಲಿ ತಡಕಾಡಿ, "ಚಾಳೀಸು ಮನ್ಯಾಗ ಉಳೀತವ್ವಾ" ಎಂದ.

"ಚಾಳೀಸು ಬ್ಯಾಡ," ಎಂದಿತು ಆ ಮೆಲ್ಲನೆಯ ದನಿ. ಒಂದೊಂದೇ ಮಾತು, ಕೈ ತಡವುತ್ತ ಬಂದ ಹಾಗೆ ಬಂತು. "ನನಗ ಓದಾಕ ಬರಂಗಿಲ್ಲೋ. ಮೊದಲಿಂದನೂ ಬರಂಗಿಲ್ಲ."

ಯಾರೂ ನಗಲಿಲ್ಲ. ಗುರುಸಿದ್ದಪ್ಪ ಕಿಸೆಯಿಂದ ಕೈ ತೆಗೆದ. ಬಾಳವ್ವ ಎಡಗೈಯಿಂದ ಪೇಪರನ್ನು ಸೊಸೆಯ ಕಡೆಗೆ ಚಾಚಿದಳು.

"ನೀ ಓದು."

ದಾಕ್ಷಾಯಣಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಪೇಪರ್ ಬಿಡಿಸಿದಳು. ಮೊದಲ ಪುಟದ ಮೇಲೆ ಎರಡು ದೊಡ್ಡ ಹನಿ ಬಿದ್ದು ಅಕ್ಷರ ತೊಯ್ದವು. ಸೆರಗಿನಿಂದ ಒತ್ತಿ ಒರೆಸಿ, ಹೇಗೋ ಮೊದಲ ಸಾಲು ಹಿಡಿದು ಓದಲು ಸುರುಮಾಡಿದಳು. ತುಂಗಭದ್ರೆಯ ಕಾಲುವೆಗೆ ನೀರು ಬಿಡುವ ಸುದ್ದಿ ಅದು. ಅವಳ ದನಿ ಪಕ್ಕದ ಕುರ್ಚಿಯವರೆಗೂ ಮುಟ್ಟುತ್ತಿರಲಿಲ್ಲ.

"ಜೋರಾಗಿ ಓದು," ಎಂದಳು ಬಾಳವ್ವ. "ಕೇಳವಲ್ದು."

ದಾಕ್ಷಾಯಣಿ ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಓದಿದಳು.